ರಿಕಾಟು ಕೊಟ್ರಯ್ಯನ ಊಟದ ಹಾಡು

ಕುದಿಯುವ ನೀರಿಗೆ ಬಿದ್ದು ಸೊಟ್ಟಗಾದ ಗ್ರಾಮಫೋನ್ ರೆಕಾರ್ಡನ್ನು ಮತ್ತೆ ನೆಟ್ಟಗೆ ಮಾಡಲು ಬರುತ್ತದೆಯೇ? ಈ ಒಂದೇ ಪ್ರಶ್ನೆಯನ್ನು ಸ್ಫೂರ್ತಿ ಆರು ದಿನಗಳಿಂದ ತನ್ನ ಮೊಬೈಲಿಗೆ ಕೇಳುತ್ತಿದ್ದಳು. ಮಗುವಿಗೆ ರಾಗಿ ಸರಿ ತಿನ್ನಿಸುತ್ತ ಕೇಳಿದಳು, ಬಟ್ಟೆ ಒಣಹಾಕುತ್ತ ಕೇಳಿದಳು, ಹಲ್ಲುಜ್ಜುತ್ತ ಕೇಳಿದಳು. ಮೊಬೈಲು ದಿನಕ್ಕೊಂದು ಉತ್ತರ ಕೊಟ್ಟಿತು. ಭಾರ ಹೇರಿ ಎಂದಿತು. ಬಿಸಿಲಿಗೆ ಇಡಿ ಎಂದಿತು. ಬಿಸಿಲಿಗೆ ಮಾತ್ರ ಇಡಬೇಡಿ ಎಂದೂ ಅಂದಿತು. ಏನೇ ಮಾಡಿದರೂ ಹಾಡು ಮೊದಲಿನಂತೆ ಬರುತ್ತದೆಂಬ ಭರವಸೆ ಇಲ್ಲ ಎಂದು ಕೊನೆಯಲ್ಲಿ ಸಣ್ಣಗೆ ಸೇರಿಸುವುದನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ.

ಚಿಂತೆ ಮಾಡುವುದು ಸ್ಫೂರ್ತಿಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಓದಿ ಬೆಳೆದು ಕಂಪ್ಲಿಗೆ ಸೊಸೆಯಾಗಿ ಬಂದವಳು. ಹತ್ತು ತಿಂಗಳ ಮಗಳು ಎರಡು ಸಲ ಸೀನಿದರೆ ಹೊಸಪೇಟೆಯ ಮಕ್ಕಳ ಡಾಕ್ಟರಿಗೆ ಫೋನು ಹೋಗುತ್ತಿತ್ತು. ಇಡೀ ದಿನ ಸೀನದಿದ್ದರೆ ಅದಕ್ಕೂ ಒಂದು ಫೋನು. ಆದರೆ ಆ ಚಿಂತೆಗಳೆಲ್ಲ ಬೇರೆಯವರು ತಂದೊಡ್ಡಿದವು: ಸೊಳ್ಳೆ, ಧೂಳು, ಕಾಲುವೆ ನೀರು, ಬಂದವರೆಲ್ಲ ಮಗುವಿನ ಕೆನ್ನೆ ಹಿಂಡುವುದು. ಇದೊಂದನ್ನು ಮಾತ್ರ ಅವಳೇ ಕೈಯಾರೆ, ಅದೂ ಗಡಿಯಾರ ನೋಡಿಕೊಂಡು, ಐದು ನಿಮಿಷ ಕುದಿಸಿ ಮಾಡಿಕೊಂಡಿದ್ದಳು.

ಆ ರೆಕಾರ್ಡು ಅವಳ ಮಾವ ಕೊಟ್ರಯ್ಯನವರದು. ಎಪ್ಪತ್ತೊಂದು ವರ್ಷದ ಕೊಟ್ರಯ್ಯನವರನ್ನು ಕಂಪ್ಲಿಯಲ್ಲಿ ಈಗಲೂ 'ರಿಕಾಟು ಕೊಟ್ರಯ್ಯ' ಎಂದೇ ಕರೆಯುತ್ತಾರೆ. ಎಮ್ಮಿಗನೂರಿನಿಂದ ಮೆಟ್ರಿಯವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಒಂದು ಕಾಲದಲ್ಲಿ ಅವರ ಮೈಕ್ ಸೆಟ್ ಬರಬೇಕಿತ್ತು. ಸೈಕಲ್ಲಿನ ಹಿಂದೆ ಆಂಪ್ಲಿಫೈಯರು, ಹೆಗಲಿಗೆ ರೆಕಾರ್ಡಿನ ಟ್ರಂಕು, ಬಸ್ಸಿನ ಟಾಪಿನ ಮೇಲೆ ಎರಡು ದೊಡ್ಡ ಹಾರನ್ ಸ್ಪೀಕರು. ಊರು ಮುಟ್ಟಿದ ಕೂಡಲೇ ಬೇವಿನ ಮರ ಹತ್ತಿ ಹಾರನ್ನು ಕಟ್ಟಿ, ಒಂದನ್ನು ಊರಿನ ಕಡೆಗೆ, ಇನ್ನೊಂದನ್ನು ಗದ್ದೆಯ ಕಡೆಗೆ ತಿರುಗಿಸಿ, ಕೆಳಗಿಳಿದು ಕೈ ತೊಳೆದು, ಸೂಜಿಗೆ ನಮಸ್ಕಾರ ಮಾಡಿ ಮೊದಲ ಹಾಡು ಹಚ್ಚುತ್ತಿದ್ದರು. ಆ ಸೂಜಿ ಇರುತ್ತಿದ್ದದ್ದು ಹಳೆಯ ನಶ್ಯದ ಡಬ್ಬಿಯಲ್ಲಿ. ನಶ್ಯ ಇರುತ್ತಿದ್ದದ್ದೂ ಅಂಥದ್ದೇ ಇನ್ನೊಂದು ಡಬ್ಬಿಯಲ್ಲಿ. ಎಮ್ಮಿಗನೂರಿನ ಮದುವೆಯೊಂದರಲ್ಲಿ ಪುರೋಹಿತರು ಒಂದು ಚಿಟಿಕೆ ನಶ್ಯ ಕೇಳಿ ತಪ್ಪು ಡಬ್ಬಿಗೆ ಬೆರಳು ಹಾಕಿದ್ದರಂತೆ. ಆ ಮದುವೆಯಲ್ಲಿ ಮಂತ್ರಕ್ಕಿಂತ ಜೋರಾಗಿ ಕೇಳಿಸಿದ್ದು ಆ ಕೂಗೇ.

ಕೊಟ್ರಯ್ಯನವರ ಕಸುಬಿಗೊಂದು ಕ್ರಮವಿತ್ತು. ಮದುಮಕ್ಕಳಿಗೆ ನೀರೆರೆಯುವ ಸುರಗಿಗೆ ಒಂದು ಹಾಡು, ತಾಳಿಯ ಹೊತ್ತಿನ ಅಕ್ಕಿಕಾಳಿಗೆ ಶಹನಾಯಿ, ಊಟಕ್ಕೆ ಇನ್ನೊಂದು. ಒಂದು ವರ್ಷವಲ್ಲ, ನಲವತ್ತು ವರ್ಷ ಅದೇ ಕ್ರಮ. ಹಾಗಾಗಿ ಮದುವೆಗೆ ಹೋಗಬೇಕಾದವರು ಮನೆಯಲ್ಲೇ ಕೂತು, ಹಾರನ್ನಿಗೆ ಕಿವಿಕೊಟ್ಟು, ತಲೆ ಬಾಚಿಕೊಳ್ಳುತ್ತಿದ್ದರು. ಶಹನಾಯಿ ಕೇಳಿದರೆ ಸೀರೆ ಉಡುವುದು, ಊಟದ ಹಾಡು ಕೇಳಿದರೆ ಬಾಗಿಲಿಗೆ ಬೀಗ. ಒಮ್ಮೆ ಮಾತ್ರ ಕರೆಂಟು ಹೋಗಿ ಬಂದ ಗಡಿಬಿಡಿಯಲ್ಲಿ ಕೊಟ್ರಯ್ಯನವರು ಊಟದ ಹಾಡನ್ನು ಮೊದಲೇ ಹಚ್ಚಿಬಿಟ್ಟರು. ಇನ್ನೂ ತಾಳಿ ಕಟ್ಟಿರಲಿಲ್ಲ. ಅರ್ಧ ಊರು ಬಂದು ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸಿಕೊಂಡಿತು. ಮದುಮಗನೂ ಎದ್ದು ನಿಂತಿದ್ದನಂತೆ.

ಆ ಊಟದ ಹಾಡೇ ಜಂಬಕ್ಕನ ಹಾಡು.

ಜಂಬಕ್ಕ ಮೆಟ್ರಿಯ ಕಡೆ ಭತ್ತದ ಸಸಿ ಹಚ್ಚುವ ಹೆಣ್ಣುಮಗಳು. ಅವಳ ಸೋಬಾನೆ ಪದ ಕೇಳಿ ಕಂಪ್ಲಿಯ ರೈಸ್ ಮಿಲ್ಲಿನ ನಾಗೇಂದ್ರಪ್ಪನಿಗೆ ಹುಚ್ಚು ಹಿಡಿಯಿತು. ದೊಡ್ಡ ದೊಡ್ಡ ಕಂಪನಿಗಳವರು ಬಂದು ಇವಳನ್ನು ಹಾಡಿಸಲಿ ಎಂದು ಕಾಯುವ ಮನುಷ್ಯ ಅವನಲ್ಲ. ಅಕ್ಕಿಯ ಲಾರಿಯಲ್ಲಿ ಅವಳನ್ನೂ, ಅವಳ ಜೊತೆಗೆ ಸೊಲ್ಲೆತ್ತುವ ಇಬ್ಬರು ಹೆಂಗಸರನ್ನೂ ಕೂರಿಸಿಕೊಂಡು ಮದ್ರಾಸಿಗೆ ಹೋಗಿ, ಎರಡು ಹಾಡು ಹಾಡಿಸಿ, ಮುನ್ನೂರು ಸಣ್ಣ ರೆಕಾರ್ಡು ಮಾಡಿಸಿಕೊಂಡು ಬಂದ. ನಡುವಿನ ಚೀಟಿಯ ಮೇಲೆ ತನ್ನ ಮಿಲ್ಲಿನ ಅಕ್ಕಿ ಮೂಟೆಯ ಚಿತ್ರ ಹಾಕಿಸಿದ. ಆ ಕಂಪನಿ ಹೊರತಂದ ಮೊದಲ ರೆಕಾರ್ಡೂ ಅದೇ, ಕೊನೆಯದೂ ಅದೇ. ಐದು ಮೂಟೆ ಅಕ್ಕಿ ಕೊಂಡವರಿಗೆಲ್ಲ ಒಂದೊಂದನ್ನು ಹಂಚಿದ. ರೆಕಾರ್ಡು ಹಾಕುವ ಯಂತ್ರ ಯಾರ ಮನೆಯಲ್ಲಿತ್ತು? ಕೆಲವರು ಹಾಲಿನ ಪಾತ್ರೆಗೆ ಮುಚ್ಚಳ ಮಾಡಿದರು. ಕೆಲವರು ದಾರ ಕಟ್ಟಿ ಗಿಣಿ ಬೆದರಿಸಲು ಜೋಳದ ಹೊಲದಲ್ಲಿ ತೂಗುಹಾಕಿದರು. ಹಾಡಾಗಿ ಉಳಿದದ್ದು ಕೊಟ್ರಯ್ಯನವರ ಟ್ರಂಕಿನಲ್ಲಿದ್ದ ಒಂದೇ ಒಂದು.

ಹನ್ನೆರಡು ವರ್ಷಗಳ ಹಿಂದೆ ಆ ಟ್ರಂಕು ಅಟ್ಟ ಸೇರಿತು. ಕಂಪ್ಲಿಯ ಮದುವೆಯೊಂದರಲ್ಲಿ ಜಂಬಕ್ಕ ಇನ್ನೂ ಎರಡನೆಯ ಸೊಲ್ಲು ಹಾಡುತ್ತಿರುವಾಗಲೇ ಹುಡುಗರು ಬಂದು ವೈರು ಕಿತ್ತು ಡಿಜೆಗೆ ಸಿಕ್ಕಿಸಿದ್ದರು. ಆ ಡಿಜೆ ಬೇರೆ ಯಾರೂ ಅಲ್ಲ, ಕೊಟ್ರಯ್ಯನವರ ಕೈಕೆಳಗೆ ಮರ ಹತ್ತಿ ಹಾರನ್ನು ಕಟ್ಟುವುದನ್ನು ಕಲಿತ ಹುಲುಗೇಶ. ಈಗ ಅವನು 'ಡಿಜೆ ಹುಲಿ'. ಟಾಟಾ ಏಸ್ ಗಾಡಿಯ ತುಂಬ ಕಪ್ಪು ಬಾಕ್ಸು, ಅವನು ದಾಟಿ ಹೋದ ಬೀದಿಯಲ್ಲಿ ಅಡುಗೆಮನೆಯ ಸ್ಟೀಲು ಡಬ್ಬಗಳು ತಾವಾಗಿಯೇ ಜಾಗ ಬದಲಿಸುತ್ತವೆ. ಆ ದಿನದ ನಾಚಿಕೆ ಅವನಿಗೆ ಇನ್ನೂ ಹೋಗಿಲ್ಲ. ವಾರಕ್ಕೊಮ್ಮೆ ಬಂದು ಕೊಟ್ರಯ್ಯನವರ ಹತ್ತಿರ ಬೈಸಿಕೊಂಡು ಹೋಗುತ್ತಾನೆ.

"ಎಷ್ಟ್ ಹಾಡು ಅದಾವಲೇ ನಿನ್ನ ಆ ಬೆಂಡೆಕಾಯಿನಾಗ?" ಎಂದು ಕೊಟ್ರಯ್ಯನವರು ಅವನ ಪೆನ್‌ಡ್ರೈವ್ ತೋರಿಸಿ ಕೇಳುತ್ತಾರೆ.

"ಹದಿನೆಂಟು ಸಾವಿರ ಅದಾವ್ರಿ ಅಯ್ಯಾರ."

"ಒಂದಾದ್ರೂ ಪೂರಾ ಹಚ್ಚೀಯೇನು?"

"ಅರ್ಧ ನಿಮಿಷ ಆದ್ರ ಹುಡುಗರಿಗೆ ಬ್ಯಾಸರಾಗತೈತ್ರಿ. ಮುಂದಿಂದು ಬರಬೇಕು. ನಡುವ ಗ್ಯಾಪ್ ಬಿಟ್ರ ಕಲ್ಲು ಒಗೀತಾರ."

"ಗ್ಯಾಪ್ ಇಲ್ದ ಮದುವಿ ಎಂಥಾದ್ಲೇ? ನಾ ರಿಕಾಟು ಬದಲಿ ಮಾಡೋ ಆ ಒಂದ್ ನಿಮಿಷದಾಗ ಬೀಗರು ಬೀಗರು ಮಾತಾಡತಿದ್ರು. ಮುನಿಸಿಕೊಂಡೋರು ಮಾತಾಡತಿದ್ರು. ನಿನ್ನ ಮದುವ್ಯಾಗ ಹೆಣ್ಣಿನ ಅಪ್ಪ ಗಂಡಿನ ಅಪ್ಪಗ ಮೆಸೇಜ್ ಹಾಕಿ ಊಟಕ್ಕ ಕರೀಬೇಕು."

ಹಂಪಿಯ ಕಡೆಯ ಹೋಟೆಲಿನವನೊಬ್ಬ ರೆಕಾರ್ಡುಗಳನ್ನೆಲ್ಲ ಕೊಡಿ, ಗೋಡೆಗೆ ಹೊಡೆದರೆ ಚಂದ ಕಾಣುತ್ತವೆ ಎಂದು ಕೇಳಿಕೊಂಡು ಬಂದಿದ್ದ. "ಮೊದ್ಲು ನಿಮ್ಮ ಅಡಿಗಿ ಭಟ್ಟನ್ನ ಗ್ವಾಡಿಗೆ ಹೊಡೀರಿ, ಚಂದ ಕಂಡ್ರ ಆಮ್ಯಾಲೆ ನೋಡೂಣು" ಎಂದು ಕಳಿಸಿದ್ದರು.

ಸ್ಫೂರ್ತಿಯ ಮಗಳು ಹುಟ್ಟಿದ ಮೇಲೆ ಟ್ರಂಕು ಅಟ್ಟದಿಂದ ಇಳಿಯಿತು. ಮಧ್ಯಾಹ್ನ ಏನು ಮಾಡಿದರೂ ಮಲಗದ ಮಗು, ಒಂದು ದಿನ ತಾತ ಜಂಬಕ್ಕನ ಹಾಡು ಹಚ್ಚಿದ ಕೂಡಲೇ ಬಾಯಿಂದ ಹೆಬ್ಬೆರಳು ತೆಗೆದು, ಎರಡು ಸಲ ಆಕಳಿಸಿ, ಮಲಗಿಬಿಟ್ಟಿತು. ಊಟಕ್ಕೆ ಊರನ್ನೇ ಎಬ್ಬಿಸಿದ ಹಾಡಿಗೆ ಮೊಮ್ಮಗಳು ನಿದ್ದೆ ಹೋಗುವುದು ಕೊಟ್ರಯ್ಯನವರಿಗೆ ಸ್ವಲ್ಪ ಅವಮಾನವೆನಿಸಿದರೂ ದಿನಾ ಹಚ್ಚುತ್ತಿದ್ದರು. ಲಸಿಕೆ ಹಾಕಿಸಲು ಬೆಂಗಳೂರಿಗೆ ಹೋದಾಗ ಏನು ಗತಿ ಎಂದು ಹೆದರಿ ಸ್ಫೂರ್ತಿ ಆ ಹಾಡನ್ನು ಮೊಬೈಲಿನಲ್ಲಿ ತುಂಬಿಸಿಕೊಂಡಳು. ಅಡುಗೆಮನೆಯ ಪಕ್ಕ ನಿಂತು ತುಂಬಿಸಿದ್ದರಿಂದ ಅದರಲ್ಲಿ ಕುಕ್ಕರಿನ ಮೂರು ಸೀಟಿ, ಮಾವನ ಒಂದು ಕೆಮ್ಮು, ಅವಳದೇ ಒಂದು ಗದರಿಕೆ ಎಲ್ಲ ಸೇರಿದ್ದವು. ಮಗುವಿನದೇನೂ ತಕರಾರಿರಲಿಲ್ಲ. ಹುಲುಗೇಶ "ಕೊಡ್ರಿ ಅಕ್ಕಾರ, ಕಂಪ್ಯೂಟರಿಗೆ ಹಾಕಿ ತೊಳದು ಕೊಡ್ತೀನಿ" ಎಂದು ಸೀಟಿಯನ್ನೂ ಕೆಮ್ಮನ್ನೂ ಅವುಗಳ ಜೊತೆಗೆ ಸೂಜಿಯ ಕರಕರ ಸದ್ದನ್ನೂ ತೆಗೆದು ಕೊಟ್ಟ. ಹಾಡು ಆಸ್ಪತ್ರೆಯಂತೆ ಸ್ವಚ್ಛವಾಗಿತ್ತು. ಮಗು ಒಂದೂವರೆ ತಾಸು ಅತ್ತಿತು.

"ಮೂಗು ಒರಸಿಕೊಳ್ಳಾಕ ಬರಂಗಿಲ್ಲ ಅದಕ್ಕ, ಕಿವಿ ಎಷ್ಟ್ ಚುರುಕು ನೋಡು ನನ್ನ ಮೊಮ್ಮಗಳದು!" ಎಂದು ಕೊಟ್ರಯ್ಯನವರು ಆ ದಿನ ಎರಡು ಕಪ್ಪು ಚಹಾ ಹೆಚ್ಚು ಕುಡಿದಿದ್ದರು.

ಇಷ್ಟರಲ್ಲಿ ಹೊಸಪೇಟೆಯಿಂದ ಅಂಜಲಿ ಬಂದಳು. ಓದಿದ ಹುಡುಗಿ. ಇಬ್ಬರು ಗೆಳತಿಯರ ಜೊತೆ ಸೇರಿ ಸಣ್ಣದೊಂದು ರೆಕಾರ್ಡು ಕಂಪನಿ ನಡೆಸುತ್ತಿದ್ದಳು. ಹಾಡುಗಳನ್ನು ಇಂಟರ್ನೆಟ್ಟಿಗೆ ಬಿಡುವುದು, ಜೊತೆಗೆ ಇನ್ನೂರೇ ಇನ್ನೂರು ಕರಿ ರೆಕಾರ್ಡು ಮಾಡಿಸಿ ಆಸೆಪಟ್ಟವರಿಗೆ ಕೊಡುವುದು. ಅವಳ ಮದುವೆ ಕಂಪ್ಲಿಯಲ್ಲಿ, ಅಜ್ಜಿಯ ಊರಲ್ಲಿ. ಆ ಅಜ್ಜಿ ಜಂಬಕ್ಕನ ಜೊತೆ ಲಾರಿಯಲ್ಲಿ ಮದ್ರಾಸಿಗೆ ಹೋದ ಇಬ್ಬರಲ್ಲಿ ಒಬ್ಬಳಾಗಿದ್ದಳಂತೆ.

"ನಮ್ಮ ಮದುವಿಗೆ ನೀವು ರಿಕಾಟು ಹಚ್ಚಬೇಕ್ರಿ ಅಜ್ಜಾರ. ಊಟ ಆಗೋತನಕ ನಿಮ್ದು, ಊಟ ಆದ ಮ್ಯಾಲೆ ಡಿಜೆದು. ಊಟಕ್ಕ ಜಂಬಕ್ಕನ ಹಾಡೇ ಬರಬೇಕು. ನಮ್ಮಜ್ಜಿ ದನಿ ಅದ್ರಾಗ ಐತಿ."

ಕೊಟ್ರಯ್ಯನವರು ಆಗಲಿ ಎನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಒಳಗೆ ಹೋಗಿ ಹನ್ನೆರಡು ವರ್ಷದಿಂದ ತೊಡದ ಬಿಳಿ ಜುಬ್ಬ ಹುಡುಕತೊಡಗಿದರು. ಅವರ ಹೆಂಡತಿ ಕೊಟ್ರಬಸಮ್ಮ ಹೊರಗೆ ಬಂದು, "ಒಪ್ಪಿಗಿ ಅಂತ ತಿಳ್ಕೊಳವಾ. ಇಲ್ಲಾಂದ್ರ ಇಷ್ಟೊತ್ತಿಗೆ ಬೈದು ಕಳಸ್ತಿದ್ರು" ಎಂದಳು.

ಅನಾಹುತ ನಡೆದದ್ದು ಮದುವೆಗೆ ಆರು ದಿನ ಮೊದಲು, ಸೋಮವಾರ ಮಧ್ಯಾಹ್ನ. ಮದುವೆಗೆ ಮೊದಲು ಸೂಜಿ ಸವೆಯಬಾರದೆಂದು ಮಗುವಿಗೆ ಹಾಡು ಹಚ್ಚುವುದನ್ನೂ ನಿಲ್ಲಿಸಿದ್ದ ಕೊಟ್ರಯ್ಯನವರು ರೆಕಾರ್ಡುಗಳನ್ನು ಒರೆಸುತ್ತ ಕೂತವರು ಯಾರೋ ಕರೆದರೆಂದು ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದರು. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಸ್ಫೂರ್ತಿ ಒಂದು ಕ್ಷಣ ಬಾಟಲಿ ಕುದಿಯಲಿಡಲು ಒಳಗೆ ಹೋಗಿ ಬರುವಷ್ಟರಲ್ಲಿ ಮಗು ಅಂಬೆಗಾಲಲ್ಲಿ ತಾತನ ಕೋಣೆಗೆ ಹೋಗಿ, ಜಂಬಕ್ಕನ ರೆಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಅಂಚನ್ನು ಸುತ್ತಲೂ ನೆಕ್ಕುತ್ತಿತ್ತು.

ನಲವತ್ತು ವರ್ಷದ ಧೂಳು! ಸ್ಫೂರ್ತಿ ಮಗುವಿನ ಬಾಯಿ ತೊಳೆದಳು, ನಾಲಿಗೆ ಒರೆಸಿದಳು, ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು, "ರೆಕಾರ್ಡು ನುಂಗಿಲ್ಲ ತಾನೇ?" ಎಂದು ಕೇಳಿ ಫೋನಿಟ್ಟರು. ಆದರೆ ನಾಳೆಯೂ ಮಗು ಅಲ್ಲಿಗೇ ಹೋದರೆ? ಒಲೆಯ ಮೇಲೆ ಬಾಟಲಿಯ ನೀರು ಕೊತಕೊತ ಕುದಿಯುತ್ತಿತ್ತು. ಮಗುವಿನ ಬಾಯಿಗೆ ಹೋಗುವ ಚಮಚ, ಗಿಲಕಿ, ನಿಪ್ಪಲ್ಲು ಎಲ್ಲವೂ ಅದರಲ್ಲಿ ಮುಳುಗಿಯೇ ಏಳುವುದು ಅವಳ ಮನೆಯ ಕಾನೂನು. ಇದೂ ಪ್ಲಾಸ್ಟಿಕ್ಕೇ ತಾನೇ ಎಂದುಕೊಂಡಳು. ಐದು ನಿಮಿಷ.

ಚಿಮಟದಲ್ಲಿ ಹಿಡಿದು ಮೇಲೆತ್ತಿದಾಗ ಜಂಬಕ್ಕ ಕರಿದ ಹಪ್ಪಳದಂತೆ ಎರಡು ಕಡೆ ಎದ್ದು ನಿಂತಿದ್ದಳು. ಅಕ್ಕಿ ಮೂಟೆಯ ಚಿತ್ರ ಕಿತ್ತು ಬಾಟಲಿಗೆ ಅಂಟಿಕೊಂಡಿತ್ತು.

ಹೊರಗೆ ಗೇಟಿನ ಸದ್ದಾಯಿತು. ಸ್ಫೂರ್ತಿಗೆ ತಲೆ ಓಡಲಿಲ್ಲ, ಕೈ ಓಡಿತು. ಪ್ರತಿ ರೆಕಾರ್ಡಿಗೂ ಅತ್ತೆ ಹೊಲಿದುಕೊಟ್ಟ ಬಟ್ಟೆಯ ಚೀಲವಿತ್ತು, ಊಟದ ಹಾಡಿನದಕ್ಕೆ ಹಸಿರು ದಾರ. ಆ ಚೀಲಕ್ಕೆ ಅಷ್ಟೇ ಗಾತ್ರದ, ಚೀಟಿಯೇ ಇಲ್ಲದ ಬೇರೊಂದು ಹಳೆಯ ರೆಕಾರ್ಡನ್ನು ತುರುಕಿದಳು. ಸೊಟ್ಟಗಾದದ್ದನ್ನು ಎರಡು ಚಪಾತಿ ಮಣೆಗಳ ನಡುವೆ ಇಟ್ಟು ಉಗ್ರಾಣದ ಅಕ್ಕಿ ಮೂಟೆಯ ಕೆಳಗೆ ತಳ್ಳಿದಳು. ಎರಡು ದಿನದಲ್ಲಿ ನೆಟ್ಟಗಾಗುತ್ತದೆ, ಯಾರಿಗೂ ಗೊತ್ತಾಗದಂತೆ ಬದಲಿಸಿದರಾಯಿತು ಎಂಬುದು ಲೆಕ್ಕ.

ಎರಡು ದಿನದಲ್ಲಿ ಆದದ್ದು ಇಷ್ಟೇ: ಅತ್ತೆ ಉಗ್ರಾಣದಿಂದ ಕೂಗಿದಳು, "ಯವ್ವಾ, ಚಪಾತಿ ಮಣಿ ಯಾಕ ಅಕ್ಕಿ ಮೂಟಿ ಬುಡಕ ಕುಂತಾವ?"

"ಇಲಿ ಬರಬಾರದು ಅಂತ ಅತ್ತೆ."

"ಮಣಿ ಕಂಡ್ರ ಇಲಿ ಅಂಜತಾವಾ? ನಿಮ್ಮ ಬೆಂಗಳೂರ ಇಲಿ ಓದಿರಬೇಕು" ಎಂದು ಕೊಟ್ರಬಸಮ್ಮ ಇನ್ನೊಂದು ಮಣೆ ಹುಡುಕಿಕೊಂಡು ಹೋದಳು.

ಗುರುವಾರ ಬೆಳಿಗ್ಗೆ ಕೊಟ್ರಯ್ಯನವರು ಟ್ರಂಕು ಕಟ್ಟಿದರು. ಅದೊಂದು ಪೂಜೆಯೇ. ಚೀಲದ ದಾರದ ಬಣ್ಣ ನೋಡಿ ಕ್ರಮವಾಗಿ ಜೋಡಿಸುವುದು. ಬೆರಳಿನ ಜಿಡ್ಡು ತಾಗಬಾರದೆಂದು ಯಾವುದನ್ನೂ ಹೊರಗೆ ತೆಗೆಯುವುದಿಲ್ಲ. ಮುಚ್ಚಳಕ್ಕೆ ವಿಭೂತಿ ಕುಂಕುಮ ಹಚ್ಚಿ, ನೂಲಿನ ಹಗ್ಗ ಬಿಗಿದು ಏಳು ಗಂಟು. ಗಂಟು ಹಾಕಿದ ಟ್ರಂಕು ಬಿಚ್ಚುವುದು ಮಂಟಪದಲ್ಲೇ. ಆಮೇಲೆ ಅವರು ಆ ಟ್ರಂಕಿನ ಪಕ್ಕವೇ ಚಾಪೆ ಹಾಸಿಕೊಂಡು ಮಲಗತೊಡಗಿದರು.

ಆ ಸಂಜೆ ಸ್ಫೂರ್ತಿ ಹೂಕೋಸು ಬಿಡಿಸುತ್ತ, ಏನೂ ಅಲ್ಲವೆಂಬಂತೆ, "ಅತ್ತೆ, ಚೀಟಿ ಇಲ್ಲದ ಸಣ್ಣ ರೆಕಾರ್ಡು ಒಂದಿತ್ತಲ್ಲ, ಅದು ಯಾವ ಹಾಡು?" ಎಂದು ಕೇಳಿದಳು.

"ಹಾಡೆಲ್ಲಿದವಾ? ಮಕ್ಕಳು ಸಾಕು ಮಾಡ್ರಿ, ದವಾಖಾನಿಗೆ ಬರ್ರಿ ಅಂತ ಒಬ್ಬ ಡಾಕ್ಟರ್ ಮಾತಾಡೋದು. ಆಗ ಯಾರೋ ತಂದು ಕೊಟ್ಟು, ಮದುವ್ಯಾಗ ಹಚ್ಚು ಅಂದಿದ್ರು. ನಿಮ್ಮ ಮಾವ ಒಂದ್ ಸಲ ಹಚ್ಚಿದ್ರು. ಹೆಂಗಸರೆಲ್ಲ ತಿರುಗಿ ನನ್ನ ಕಡೆ ನೋಡಿದ್ರು. ಆಗ ನನ್ನ ಹೊಟ್ಯಾಗ ನಾಕನೇದು ಇತ್ತು."

"ನಾಲ್ಕನೇದು…"

"ನಿನ್ನ ಗಂಡ."

ಸ್ಫೂರ್ತಿಯ ಕೈಯಿಂದ ಹೂಕೋಸು ಜಾರಿತು. ಭಾನುವಾರ ಅಂಜಲಿಯ ಮದುವೆಯಲ್ಲಿ, ತಾಳಿ ಕಟ್ಟಿದ ಮರುಕ್ಷಣ, ಮಾವ ಹನ್ನೆರಡು ವರ್ಷದ ಮೇಲೆ ಮತ್ತೆ ಬಿಳಿ ಜುಬ್ಬ ತೊಟ್ಟು, ಕಂಪ್ಲಿಗೆಲ್ಲ ಕೇಳುವ ಹಾರನ್ನಿನಲ್ಲಿ, ಮದುಮಕ್ಕಳಿಗೆ ದವಾಖಾನೆಗೆ ಬರಲು ಹೇಳಲಿದ್ದರು. ಹುಡುಗರು ಈ ಸಲ ವೈರು ಕಿತ್ತು ಸುಮ್ಮನಾಗುತ್ತಾರೆಯೇ? ವೀಡಿಯೋ ಮಾಡಿ ಊರೂರಿಗೆ ಕಳಿಸುತ್ತಾರೆ. ಹಾಕುವ ಮೊದಲೇ ಮಾವನಿಗೆ ಗೊತ್ತಾಗಿಬಿಟ್ಟರೆ? ಆಗ ಊಟದ ಹಾಡೇ ಇಲ್ಲ. ಕಣ್ಣಿನ ಆಪರೇಷನ್ ಆದ ಮಾವನಿಗೆ ಚೀಟಿ ಇಲ್ಲದ್ದು ಕಾಣಲಿ ಎಂದು ಬೇಡಿಕೊಳ್ಳಬೇಕೋ, ಕಾಣದಿರಲಿ ಎಂದೋ ಅವಳಿಗೆ ತಿಳಿಯದಾಯಿತು.

ಸಂಡೂರಿನ ಗಣಿಯಲ್ಲಿ ಕೆಲಸ ಮಾಡುವ ಗಂಡ ರೇವಣಸಿದ್ದನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವನು ಮೊದಲು ಎರಡು ನಿಮಿಷ ನಕ್ಕ. ಆಮೇಲೆ, "ನೀನೇ ಹೇಳಿಬಿಡು ಮಾರಾಯ್ತಿ. ದಿನಾ ಬ್ಲಾಸ್ಟಿಂಗ್ ಮುಂದ ನಿಂದ್ರತೀನಿ, ಅಪ್ಪನ ಮುಂದ ಆಗಂಗಿಲ್ಲ" ಎಂದ.

ಶುಕ್ರವಾರ ಹೇಳಲು ಹೋದಳು. ಕೊಟ್ರಯ್ಯನವರು ಸೂಜಿಯ ಡಬ್ಬಿ ತೆರೆದು ತೋರಿಸುತ್ತ, "ಹೊಸಪ್ಯಾಟ್ಯಾಗ ಕೊಂಡ ಕಡೀ ಸೂಜಿ ಇದು. ಜಂಬಕ್ಕಗ ಅಂತನ ಇಟ್ಟಿದ್ದೆ ನೋಡವಾ" ಎಂದರು. ಅವಳು "ಚಹಾ ಬೇಕಾ ಮಾವ" ಎಂದು ಕೇಳಿ ಬಂದಳು. ಶನಿವಾರ ಹೋದಳು. ಅವರು ಜುಬ್ಬಕ್ಕೆ ಇಸ್ತ್ರಿ ಹಾಕುತ್ತಿದ್ದರು. ಮತ್ತೆ ಚಹಾ. ಎರಡು ದಿನದಲ್ಲಿ ಒಟ್ಟು ಒಂಬತ್ತು ಕಪ್ಪು ಚಹಾ ಕುಡಿದ ಕೊಟ್ರಯ್ಯನವರು, "ಸೊಸಿ ಭಾಳ ಕಾಳಜಿ ಮಾಡಾಕತ್ಯಾಳ" ಎಂದು ಹೆಂಡತಿಯ ಹತ್ತಿರ ಹೇಳಿಕೊಂಡರು.

ಭಾನುವಾರ ಬೆಳಿಗ್ಗೆ ಎಲ್ಲರೂ ಮಂಟಪಕ್ಕೆ ಹೋದರು. ಮಗುವಿಗೆ ಶೀತ ಎಂದು ಸ್ಫೂರ್ತಿ ಮನೆಯಲ್ಲಿ ಉಳಿದಳು. ಮಂಟಪ ಇರುವುದು ನಾಲ್ಕು ಬೀದಿ ಆಚೆ. ಹುಲುಗೇಶ ತಾನೇ ಮಹಡಿ ಹತ್ತಿ ಗುರುವಿನ ಎರಡು ಹಾರನ್ನು ಕಟ್ಟಿಕೊಟ್ಟಿದ್ದ. ಒಂದು ಬಾಯಿ ನೇರ ಇವರ ಕಿಟಕಿಯ ಕಡೆಗೇ ಇತ್ತು.

ಒಂಬತ್ತಕ್ಕೆ ದೇವರ ಹಾಡು ಬಂತು. ಕರಕರ ಎಂದು ಶುರುವಾಗಿ, ಗಂಟಲು ಸರಿಮಾಡಿಕೊಂಡು ಏರಿತು. ಪಕ್ಕದ ಮನೆಯ ಚೆನ್ನಬಸಮ್ಮ ಅಂಗಳಕ್ಕೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಏ, ಕೊಟ್ರಯ್ಯಾರು! ಎಷ್ಟು ವರ್ಷಾತು ಹಿಂಗ ಕೇಳಿ!" ಎಂದು ಕೂಗಿ, ನೀರು ಕಾಯಿಸಲು ಒಳಗೆ ಓಡಿದಳು. ಸುರಗಿಯ ಹಾಡು ಬಂದಾಗ ಅವಳ ತಲೆಯಲ್ಲಿ ಎಣ್ಣೆಯಿತ್ತು. ಶಹನಾಯಿ ಬಂದಾಗ ಅರ್ಧ ಉಟ್ಟ ರೇಷ್ಮೆ ಸೀರೆಯಲ್ಲಿ ಕಿಟಕಿಗೆ ಬಂದು, "ಅಕ್ಕಿಕಾಳು ಬಿದ್ವು, ಇನ್ನ ಊಟನ!" ಎಂದಳು.

ಸ್ಫೂರ್ತಿ ಮೊಬೈಲು ಕೈಗೆತ್ತಿಕೊಂಡಳು. ರೆಕಾರ್ಡು ತಿರುಗುತ್ತಿರುವಾಗ ಕೊಟ್ರಯ್ಯನವರು ಫೋನು ಎತ್ತುವುದಿಲ್ಲ, ಪಕ್ಕದಲ್ಲಿ ಜೋರಾಗಿ ಉಸಿರು ಬಿಟ್ಟರೂ ಸೂಜಿ ಹಾರುತ್ತದೆಂದು ಅವರ ನಂಬಿಕೆ. ಇರುವುದು ಆ ನಡುವಿನ ಒಂದು ನಿಮಿಷ ಮಾತ್ರ. ಪೆನ್‌ಡ್ರೈವಿನಲ್ಲಿ ಆ ಒಂದು ನಿಮಿಷವೂ ಇರುತ್ತಿರಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು, ಹೆಬ್ಬೆರಳನ್ನು ಮೊಬೈಲಿನ ಮೇಲಿಟ್ಟುಕೊಂಡು ಕಾದಳು. ಶಹನಾಯಿ ಇಳಿಯಿತು. ಕರ್… ಕರ್… ಟಕ್.

ಫೋನು ಮಾಡಿದಳು.

"ಏನವಾ, ಕೂಸು ಹುಷಾರೈತಿಲ್ಲೋ?" ಅವಳ ಫೋನು ಯಾವಾಗ ಬಂದರೂ ಕೊಟ್ರಯ್ಯನವರ ಮೊದಲ ಮಾತು ಇದೇ.

"ಮಾವ ಹಸಿರು ದಾರದ್ದು ಹಾಕಬೇಡಿ ಅದು ಜಂಬಕ್ಕಂದಲ್ಲ ಜಂಬಕ್ಕನ್ನ ನಾನು ಕುದಿಸಿಬಿಟ್ಟೆ!"

ಉಳಿದದ್ದನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ನೆಕ್ಕಿದ್ದು, ನೀರು, ಚಿಮಟ, ಚೀಲ.

"ಎಷ್ಟೊತ್ತು ಇಟ್ಟಿದ್ದಿ ನೀರಾಗ?"

"ಐದು ನಿಮಿಷ ಮಾವ. ಬಾಟಲಿಗೆ ಅಷ್ಟೇ ಹೇಳಿರೋದು."

"ಅಂಚು ಎದ್ದೈತೋ, ನಡುವ ಎದ್ದೈತೋ?"

"ಅಂಚು. ಎರಡು ಕಡೆ. ಅಕ್ಕಿ ಮೂಟೆ ಕೆಳಗಿಟ್ಟಿದೀನಿ."

"ಎಷ್ಟ್ ಕೇಜಿದು?"

"ಇಪ್ಪತ್ತೈದು."

"ಕಡಿಮಿ ಆತು. ಮಿಲ್ಲಿಗೆ ಒಯ್ದು ನೂರರ ಮೂಟಿ ನಾಕು ಹೇರಬೇಕಿತ್ತು. ಒಂದ್ ಸಲ ಬಸ್ಸಿನ ಟಾಪಿನ ಮ್ಯಾಲೆ ಬಿಸಿಲಿಗೆ ಎಂಟು ರಿಕಾಟು ಹಿಂಗ ಮಾಡಿದ್ದೆ ನಾನು. ನಿಮ್ಮ ಅತ್ತಿಗೆ ಇನ್ನೂ ಗೊತ್ತಿಲ್ಲ." ಆಮೇಲೆ ದನಿ ತಗ್ಗಿತು. "ಆದ್ರ ಅವು ಬ್ಯಾರೆ ಕಡೆ ಸಿಗತಿದ್ವು. ಜಂಬಕ್ಕನ ರಿಕಾಟು ಇನ್ನೆಲ್ಲೂ ಇಲ್ಲವಾ. ಆ ಹುಡುಗಿ ಅಜ್ಜಿ ದನಿನೂ ಅದ್ರಾಗನ ಇತ್ತು."

"ದನಿ ಇದೆ ಮಾವ. ನನ್ನ ಫೋನಲ್ಲಿದೆಯಲ್ಲ. ಮಗುಗೆ ಅಂತ ತುಂಬಿಸ್ಕೊಂಡಿದ್ದು. ಕುಕ್ಕರ್ ಸೀಟಿ ಎಲ್ಲ ಇದೆ ಅದರಲ್ಲಿ, ಅದಕ್ಕೇ ಹೇಳೋಕೆ… ಹುಲುಗೇಶನ ಹತ್ತಿರ ತೊಳೆದಿದ್ದೂ ಒಂದಿರಬೇಕು."

"ತೊಳದ ಸುದ್ದಿ ಇವತ್ತಿಗೆ ಸಾಕು. ನಿನ್ನದ ಕಳಸು ಅವಗ. ಲೇ ಹುಲ್ಯಾ! ಜಲ್ದಿ ಬಾ ಇಲ್ಲಿ. ನಿನ್ನ ಡಬ್ಬಿ ವೈರು ನನ್ನ ಆಂಪ್ಲಿಫೈರಿಗೆ ಕೊಡು. ನಿನ್ನ ಬಾಕ್ಸಿಗೆ ಅಲ್ಲಲೇ, ನನ್ನ ಹಾರನ್ನಿಗೆ!"

ಸ್ಫೂರ್ತಿ ಫೋನಿಡದೆಯೇ ಹುಲುಗೇಶನಿಗೆ ಹಾಡು ಕಳಿಸಿದಳು. ಫೋನಿನಲ್ಲಿ ಹುಲುಗೇಶನ ದನಿ ಕೇಳಿಸಿತು: "ಅಯ್ಯಾರ, ಡಿಜಿಟಲ್ ಹಚ್ಚಾಕ ಹತ್ತೀರಿ ನೀವು!"

"ಬಾಯಿ ಮುಚ್ಚಿಕೊಂಡು ಒತ್ತಲೇ. ಹೌದವಾ, ಆ ಹಸಿರು ಚೀಲದಾಗ ಇರೋದು ಯಾವುದು ಹಂಗಾರ?"

"ಚೀಟಿ ಇಲ್ಲದ್ದು ಮಾವ. ದವಾಖಾನೆ ಡಾಕ್ಟರದು."

ಕೊಟ್ರಯ್ಯನವರಿಗೆ ಕೆಮ್ಮು ಹತ್ತಿದಂತೆ ಕೇಳಿಸಿತು. ಕೆಮ್ಮಲ್ಲ, ನಗು. "ನಿಮ್ಮತ್ತಿ ಮುಂದ್ನ ಸಾಲಿನಾಗ ಕುಂತಾಳ. ಅದನ್ನ ಹಚ್ಚಿದ್ರ ನನ್ನ ಕಥಿ…"

ಮಾತು ಮುಗಿಯುವ ಮೊದಲೇ ಫೋನಿನಲ್ಲಿ ಕರಕರ ಶುರುವಾಯಿತು. ಒಂದು ಉಸಿರಿನ ನಂತರ ಅದೇ ಕರಕರ ಕಿಟಕಿಯಿಂದ, ನಾಲ್ಕು ಬೀದಿ ದಾಟಿ ಬಂತು. ಜಂಬಕ್ಕ ಸೊಲ್ಲೆತ್ತಿದಳು, ಹಿಂದಿನಿಂದ ಇಬ್ಬರು ಹೆಂಗಸರು ಕೂಡಿಕೊಂಡರು. ಮಂಟಪದಲ್ಲಿ ಯಾರೋ ಹುಡುಗಿ "ನಮ್ಮಜ್ಜಿ! ಎರಡನೇದು ನಮ್ಮಜ್ಜಿ!" ಎಂದು ಕಿರುಚಿದಳು. ಚೆನ್ನಬಸಮ್ಮ ಬಾಗಿಲಿಗೆ ಬೀಗ ಹಾಕಿ, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಓಡಿದಳು. ಎದುರು ಮನೆಯವರು ಓಡಿದರು. ಆಗ ಕಂಪ್ಲಿಯ ಮೇಲೆಲ್ಲ ಕುಕ್ಕರು ಕೂಗಿತು. ಒಂದು ಸೀಟಿ, ಎರಡು, ಮೂರು.

"ಅನ್ನ ಆತಂತ, ನಡೀರಿ!" ಎಂದು ಬೀದಿಯಲ್ಲಿ ಯಾರೋ ಕೂಗಿದರು.

ಮಾವನ ಕೆಮ್ಮು ಬಂತು. ಅದರ ಹಿಂದೆಯೇ, ಎರಡೂ ಹಾರನ್ನಿನಿಂದ, ನದಿಯವರೆಗೆ ಕೇಳುವಂತೆ ಸ್ಫೂರ್ತಿಯ ಸ್ವಂತ ದನಿ: "ಮಾವ, ಸೌಂಡು ಕಡಿಮೆ ಮಾಡಿ, ಮಗು ಮಲಗ್ತಿದೆ!"

ಮಂಟಪ ಗೊಳ್ಳೆಂದಿತು. ಸ್ಫೂರ್ತಿ ಫೋನು ಕಿವಿಗೆ ಹಿಡಿದೇ ಕಣ್ಣು ಮುಚ್ಚಿಕೊಂಡಳು. ಸೊಂಟದ ಮೇಲಿದ್ದ ಮಗು ಬಾಯಿಂದ ಹೆಬ್ಬೆರಳು ತೆಗೆದು, ಎರಡು ಸಲ ಆಕಳಿಸಿ, ಅವಳ ಹೆಗಲಿಗೆ ತಲೆಯಿಟ್ಟಿತು.

"ಕೇಳಿದ್ಯಾ ಸ್ಫೂರ್ತವ್ವ?" ಕೊಟ್ರಯ್ಯನವರು ನಗುವಿನ ನಡುವೆ ಕೂಗಿದರು. "ಏನ್ ಮಾಡ್ಲಿ, ಸೌಂಡು ಕಡಿಮಿ ಮಾಡ್ಲ್ಯಾ?"

"ಬೇಡ ಮಾವ" ಎಂದು ಅವಳು ಪಿಸುಗುಟ್ಟಿದಳು. "ಹಾಗೇ ಇರಲಿ. ಮಲಗಿಬಿಟ್ಟಳು."